ಖಾಲಿ ಮಿಸ್ ಮತ್ತು ಹೂವಿನಣ್ಣ

"ಯಾರ್ರೀ ಇದಕ್ಕೆ ಹೂ ಹಾಕಿದ್ದು?!"

ಪ್ರೆಸ್ಸಿನ ಹೊಸ್ತಿಲು ದಾಟುವ ಮೊದಲೇ ಅವಳ ದನಿ ಒಳಗೆ ಹೋಗಿತ್ತು. ಯಂತ್ರದ ಗಡಗಡ ಸದ್ದಿನಲ್ಲೂ ಅದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಅಂದರೆ ಮುಂದಿನ ಮೇಜಿನ ಬಳಿ ಕಾರ್ಡು ಮಡಚುತ್ತಿದ್ದ ಅಜ್ಜಿ, ಯಂತ್ರದ ಮುಂದೆ ನಿಂತಿದ್ದ ಅಜ್ಜಿಯ ಮೊಮ್ಮಗ. ಕಾಗದದ ಕಟ್ಟಿನ ಮೇಲೆ ಮಲಗಿದ್ದ ಕಪ್ಪು ಬಿಳುಪು ಬೆಕ್ಕನ್ನೂ ಲೆಕ್ಕಕ್ಕೆ ಹಿಡಿದರೆ ಮೂವರು.

ಮೊಮ್ಮಗ ಯಂತ್ರ ನಿಲ್ಲಿಸಿದ. ಕೈಗಂಟಿದ ಮಸಿ ಒರೆಸಿಕೊಳ್ಳುತ್ತಾ ಬಂದು ಅವಳು ಹಿಡಿದಿದ್ದ ಪೋಸ್ಟರ್ ನೋಡಿದ. ಮುಖ ಅರಳಿತು.

"ಓ, ಲೈಬ್ರರಿಯದು! ಚೆನ್ನಾಗಿ ಬಂದಿದೆ, ಅಲ್ವಾ?"

ಚೆನ್ನಾಗಿ!

ಅವಳ ಕೋಪ ನೆತ್ತಿಗೇರಿತು. ಏರದೆ ಇನ್ನೇನು? ಮನೆಯಲ್ಲೇ ಕೂತು ಪುಸ್ತಕಗಳ ರಕ್ಷಾಪುಟ, ಬಿಸ್ಕತ್ತು ಪೊಟ್ಟಣದ ಹೊದಿಕೆ ಅಂತ ಡಿಸೈನ್ ಮಾಡಿಕೊಂಡಿದ್ದವಳು ಅವಳು. ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗ್ರಾಫಿಕ್ ಡಿಸೈನಿನ ಮೊದಲ ಪಾಠ ಹೇಳಿಕೊಡಿ ಎಂದು ಲೈಬ್ರರಿಯವರು ಕೇಳಿದಾಗ ಖುಷಿಯಿಂದ ಕುಣಿದಾಡಿದ್ದಳು. ಅದಕ್ಕೆಂದೇ ಒಂದು ಪೋಸ್ಟರ್ ಮಾಡಿದ್ದಳು. ದೊಡ್ಡ ಬಿಳಿ ಹಾಳೆ. ಕೆಳಗೆ ಎಡಮೂಲೆಯಲ್ಲಿ ಒಂದೇ ಸಾಲು... 'ಬನ್ನಿ, ನೋಡುವುದನ್ನು ಕಲಿಯೋಣ.' ಅದರಡಿ ಜಾಗ, ಸಮಯ. ಉಳಿದದ್ದೆಲ್ಲ ಖಾಲಿ.

ಈಗ ನೋಡಿದರೆ ನಾಲ್ಕೂ ಮೂಲೆಗೆ ಗುಲಾಬಿ. ಮೇಲೆ ಎದುರು ಬದುರು ಕೂತ ಎರಡು ಗಿಳಿ!

"ನಾನು ಕೊಟ್ಟಿದ್ದರಲ್ಲಿ ಇವೆಲ್ಲ ಇತ್ತೇನ್ರೀ?"

"ಇರ್ಲಿಲ್ಲ ಮೇಡಂ. ಪೂರ್ತಿ ಖಾಲಿ ಇತ್ತು. ಪಾಪ, ಅವಸರದಲ್ಲಿ ಚಿತ್ರ ಹಾಕೋದು ಮರೆತಿದೀರ ಅಂದ್ಕೊಂಡೆ. ಗಿಳಿ ನಮ್ಮ ಕಡೆಯಿಂದ."

"ನಾನೇ ಹೇಳಿದ್ದು ಕಣಮ್ಮಾ," ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. "ಬೋಳು ಬೋಳಾಗಿದೆ, ನಾಲ್ಕು ಹೂ ಹಾಕೋ ಅಂತ."

"ಖಾಲಿ ಬಿಡೋದು ಮರೆವಲ್ಲಜ್ಜಿ! ಅದೂ ಕೆಲಸಾನೇ. ಎಷ್ಟು ಖಾಲಿ ಬಿಡ್ಬೇಕು ಅಂತ ಎರಡು ದಿನ ತಲೆ ಕೆಡಿಸ್ಕೊಂಡಿದೀನಿ!"

"ಎರಡು ದಿನಾನಾ?" ಅವನು ನಿಜವಾಗಿಯೂ ಬೆರಗಾಗಿ ಕೇಳಿದ. "ಏನೂ ಹಾಕದೇ ಇರೋಕೆ?"

ಬೇರೆ ಯಾರಾದರೂ ಆಗಿದ್ದರೆ ಅದು ಕೊಂಕು. ಇವನ ಕಣ್ಣಲ್ಲಿ ಕೊಂಕಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಪೋಸ್ಟರುಗಳೆಲ್ಲ ಆಗಲೇ ಊರ ಗೋಡೆಗಳಿಗೆ ಅಂಟಿಸಿಯಾಗಿತ್ತು. ಕಿತ್ತು ತರಲಂತೂ ಆಗುವುದಿಲ್ಲ.

"ನಾಳೆ ಕ್ಲಾಸಿಗೆ ಬನ್ನಿ!" ಎಂದಳು. "ಮಕ್ಕಳ ಜೊತೆ ಬೆಂಚಲ್ಲಿ ಕೂತು ಕಲ್ತುಕೊಳ್ಳಿ, ಖಾಲಿ ಜಾಗ ಅಂದ್ರೆ ಏನು ಅಂತ!"

ಬಿರಬಿರನೆ ಹೊರಟುಹೋದಳು. ಬೆಕ್ಕು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

*

ಅವಳು ಸಿಟ್ಟಿನಲ್ಲಿ ಆಡಿದ ಮಾತು. ಅವನು ನಿಜವೆಂದುಕೊಂಡು ಬಂದೇಬಿಟ್ಟ!

ಲೈಬ್ರರಿಯ ಮಹಡಿಯ ಕೋಣೆ. ಕೊನೆಯ ಬೆಂಚು. ಕಿವಿಯ ಹಿಂದೆ ಪೆನ್ಸಿಲ್ಲು. ಮೊಣಕಾಲು ಬೆಂಚಿನೊಳಗೆ ಹಿಡಿಸದೆ ಒಂದು ಪಕ್ಕಕ್ಕೆ ಚಾಚಿಕೊಂಡಿತ್ತು. ಮಕ್ಕಳು ತಿರುಗಿ ತಿರುಗಿ ನೋಡಿ ಕಿಸಿಕಿಸಿ ನಗುತ್ತಿದ್ದರು.

ಕೋಣೆ ತುಂಬಿತ್ತು. ಅಷ್ಟು ಜನ ಬರುತ್ತಾರೆಂದು ಅವಳು ಅಂದುಕೊಂಡೇ ಇರಲಿಲ್ಲ.

"ಪೋಸ್ಟರ್ ನೋಡಿ ಬಂದ್ರಾ?" ಆಸೆಯಿಂದ ಕೇಳಿದಳು.

"ಹೂಂ ಮಿಸ್, ಗಿಳಿ ನೋಡಿ ಬಂದ್ವಿ!"

ಕೊನೆಯ ಬೆಂಚಿನವನು ನಗು ತಡೆಯಲು ಕರವಸ್ತ್ರ ಹುಡುಕಿಕೊಂಡ.

ಅವಳು ತುಟಿ ಕಚ್ಚಿಕೊಂಡು ಎರಡು ಹಾಳೆಗಳನ್ನು ಹಲಗೆಗೆ ಸಿಕ್ಕಿಸಿದಳು. ಒಂದು ಗಿಳಿಯದು, ಇನ್ನೊಂದು ತಾನು ಮೊದಲು ಮಾಡಿದ್ದು.

"ಇದರಲ್ಲಿ ಮೊದಲು ಕಣ್ಣು ಎಲ್ಲಿಗೆ ಹೋಯ್ತು?"

"ಗಿಳಿಗೆ ಮಿಸ್!"

"ಆಮೇಲೆ?"

"ಇನ್ನೊಂದು ಗಿಳಿಗೆ!"

"ಕ್ಲಾಸು ಎಷ್ಟು ಗಂಟೆಗೆ ಅಂತ ಯಾರು ಓದಿದ್ರಿ?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. ಬಾಯಿ ತೆರೆದರೆ ಪ್ರಶ್ನೆ ಕೇಳುವವಳಾದ್ದರಿಂದ ಅವಳಿಗೆ ಪ್ರಶ್ನೆ ಎಂದೇ ಅಡ್ಡಹೆಸರು. "ಅದಕ್ಕೇ ಮಿಸ್ ನಾವೆಲ್ಲ ಲೇಟಾಗಿದ್ದಾ?"

"ಅದಕ್ಕೇ ಪುಟ್ಟಾ. ಕಣ್ಣಿಗೂ ದಾರಿ ತೋರಿಸ್ಬೇಕು. ಎಲ್ಲಾ ಕಡೆಯಿಂದ್ಲೂ ಬಾ ಬಾ ಅಂತ ಕೂಗಿದ್ರೆ ಪಾಪ, ಅದು ಎಲ್ಲಿಗೆ ಹೋಗುತ್ತೆ? ಸುತ್ತ ಸುಮ್ಮನಿದ್ರೆ ಒಂದು ಸಣ್ಣ ಮಾತೂ ಕೇಳಿಸುತ್ತೆ. ಈ ಖಾಲಿ ಜಾಗ ಮಾಡೋ ಕೆಲಸ ಅದೇ."

ಕೊನೆಯ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಉಗುರಿನ ಸಂದಿಯಲ್ಲಿ ಮಸಿ.

"ಮಿಸ್... ತಪ್ಪು ನಂದೇ. ಈಗ ಗೊತ್ತಾಯ್ತು. ಸಾರಿ."

ಅಷ್ಟೂ ಮಕ್ಕಳ ಎದುರು, ಒಂದಿಷ್ಟೂ ಅಳುಕಿಲ್ಲದೆ ಹೇಳಿದ. ರಾತ್ರಿಯೆಲ್ಲ ಅವನಿಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದ ಚುಚ್ಚುಮಾತುಗಳು ಅವಳ ಬಾಯಲ್ಲೇ ಉಳಿದುಹೋದವು.

*ಇಷ್ಟು ಸುಲಭವಾಗಿ ತಪ್ಪು ಒಪ್ಕೊಳ್ಳೋ ಗಂಡಸರೂ ಇರ್ತಾರಾ?!*

ಆ ದಿನ ಸಂಜೆಯೊಳಗೆ ಅವಳಿಗೆ 'ಖಾಲಿ ಮಿಸ್' ಎಂದೂ, ಅವನಿಗೆ 'ಹೂವಿನಣ್ಣ' ಎಂದೂ ಹೆಸರು ಬಿದ್ದಾಗಿತ್ತು.

*

ಒಂದು ದಿನಕ್ಕೆಂದು ಬಂದವನು ದಿನಾ ಬರತೊಡಗಿದ.

ಅಕ್ಷರಗಳನ್ನು ಒಂದು ಗೆರೆಗೆ ನಿಲ್ಲಿಸುವುದು ಕಲಿತ. ಯಾವುದು ಮುಖ್ಯವೋ ಅದನ್ನು ದೊಡ್ಡದು ಮಾಡು, ಉಳಿದದ್ದನ್ನು ತಗ್ಗಿಸು ಎಂಬುದನ್ನು ಕಲಿತ. ಒಂದು ಹಾಳೆಯಲ್ಲಿ ಎರಡಕ್ಕಿಂತ ಹೆಚ್ಚು ಬಗೆಯ ಅಕ್ಷರ ಬೇಡ ಎಂದಾಗ ಮಾತ್ರ ಅವನಿಗೆ ಸಂಕಟವಾಯಿತು. ಪ್ರೆಸ್ಸಿನಲ್ಲಿ ಅವನು ಒಂದೇ ಕಾರ್ಡಿಗೆ ಆರೇಳು ಬಗೆ ಹಾಕುತ್ತಿದ್ದವನು!

"ಎಲ್ಲಾ ಇದಾವಲ್ಲ ಅಂತ ಎಲ್ಲಾ ಬಟ್ಟೇನೂ ಒಟ್ಟಿಗೆ ಹಾಕ್ಕೋತೀರಾ?" ಅವಳು ಕೇಳಿದಳು.

"ಚಳಿಗಾಲದಲ್ಲಿ ಹಾಕ್ಕೋತೀನಿ ಮಿಸ್."

ಕ್ಲಾಸು ಗೊಳ್ಳೆಂದಿತು. ಅವಳೂ ನಕ್ಕುಬಿಟ್ಟಳು.

ರಜೆಯ ಕೊನೆಯಲ್ಲಿ ಮಕ್ಕಳ ಪೋಸ್ಟರುಗಳ ಪ್ರದರ್ಶನ ಮಾಡೋಣ, ಎಲ್ಲವನ್ನೂ ನಮ್ಮ ಪ್ರೆಸ್ಸಲ್ಲೇ ಅಚ್ಚು ಹಾಕೋಣ ಎಂದವನೂ ಅವನೇ. ಕ್ಲಾಸು ಮುಗಿದ ಮೇಲೆ ಇಬ್ಬರೂ ಕೂತು ಬೆಂಚಿಗಂಟಿದ ಗೋಂದು ಕೆರೆಯುತ್ತಿದ್ದರು. ಆ ಕೆಲಸಕ್ಕೆ ಇಬ್ಬರು ಬೇಕಿರಲಿಲ್ಲ. ಆದರೂ ಯಾರೂ ಅದನ್ನು ಹೇಳಲಿಲ್ಲ.

ಮನೆಯಲ್ಲಿ ಅಮ್ಮನ ಕಣ್ಣಿಗೆ ಇದೆಲ್ಲ ಬೀಳದೆ ಇರುತ್ತದೆಯೇ? "ಏನೇ, ಕನ್ನಡಿ ಮುಂದೆ ಇಷ್ಟು ಹೊತ್ತು? ಪಾಠ ಮಾಡೋಕೆ ತಾನೇ ಹೋಗ್ತಿರೋದು?"

"ಪಾಠ ಮಾಡೋರು ನೀಟಾಗಿರ್ಬೇಕಮ್ಮಾ!"

"ಹೂಂ ಹೂಂ. ಇರ್ಬೇಕು ಇರ್ಬೇಕು."

ಒಂದು ದಿನ ಅವಳು ಎಲ್ಲರಿಗೂ ಒಂದೊಂದು ಬಿಳಿ ಹಾಳೆ, ಕಪ್ಪು ಕಾಗದದ ಎರಡೆರಡು ಚೌಕ ಕೊಟ್ಟಳು. "ಚಿತ್ರ ಬರೆಯೋ ಹಾಗಿಲ್ಲ. ಈ ಎರಡು ಚೌಕ ಎಲ್ಲಿ ಅಂಟಿಸ್ತೀರ ಅನ್ನೋದರಲ್ಲೇ ಒಂದು ಭಾವನೆ ಹೇಳ್ಬೇಕು."

ಎರಡು ಜಡೆಯ ಪ್ರಶ್ನೆ ಒಂದರ ಮೇಲೊಂದು ಓರೆಯಾಗಿ ಅಂಟಿಸಿ 'ಜಗಳ' ಎಂದಳು. ಇನ್ನೊಬ್ಬಳು ಒಂದು ಚೌಕವನ್ನು ಮೇಲೆ ವಾಲಿಸಿ, ಇನ್ನೊಂದನ್ನು ಸರಿಯಾಗಿ ಅದರ ಕೆಳಗಿಟ್ಟಿದ್ದಳು. "ಇದು ಅಪ್ಪ ನನ್ನ ಮಾರ್ಕ್ಸು ನೋಡೋಕೆ ಒಂದು ನಿಮಿಷ ಮೊದಲು, ಮಿಸ್!"

ನಗುತ್ತಾ ಅವಳು ಕೊನೆಯ ಬೆಂಚಿಗೆ ಬಂದಳು. ಅವನ ಹಾಳೆಯಲ್ಲಿ ಎಡಗಡೆ, ಸ್ವಲ್ಪ ಕೆಳಗೆ, ಒಂದೇ ಚೌಕ. ಉಳಿದದ್ದೆಲ್ಲ ಖಾಲಿ.

"ಇನ್ನೊಂದೆಲ್ಲಿ?"

"ಜೇಬಲ್ಲಿದೆ ಮಿಸ್."

"ಯಾಕೆ?"

"ಇದು 'ಕಾಯುವುದು'." ಅವನು ತಲೆಯೆತ್ತಲಿಲ್ಲ. "ಅದು ಬಂದ್ಮೇಲೆ ಅಂಟಿಸ್ತೀನಿ."

ಮಕ್ಕಳಿಂದ ಒಂದು ಉದ್ದನೆಯ "ಓ...ಹೋ..." ಬಂತು. ಅವಳು ಸರಸರನೆ ಮುಂದೆ ಹೋಗಿ ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೊಮ್ಮೆ ಒರೆಸತೊಡಗಿದಳು. ಕೆನ್ನೆ ಬಿಸಿಯಾಗಿತ್ತು.

ಸರಿ, ಇನ್ನು ಮುಚ್ಚಿಟ್ಟು ಏನು ಫಲ? ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು.

*

ಅದರ ಮರುದಿನದ ಪಾಠ ಡಮ್ಮಿ ಬರಹದ್ದು. ಕಥೆಗೆ ಇದು ಮುಖ್ಯ, ಸ್ವಲ್ಪ ಗಮನವಿಟ್ಟು ಕೇಳಿ.

"ಡಿಸೈನ್ ಮಾಡುವಾಗ ನಿಜವಾದ ಮಾತು ಇನ್ನೂ ಬಂದಿರಲ್ಲ," ಎಂದಳು. "ಆಗ ಆ ಜಾಗದಲ್ಲಿ ಬಾಯಿಗೆ ಬಂದದ್ದನ್ನ ತುಂಬಿಸಿಡ್ತೀವಿ. ಸುಮ್ಮನೆ ಯಾವುದೋ ಹೆಸರು, ಯಾವುದೋ ತಾರೀಖು. ಹೇಗೆ ಕಾಣುತ್ತೆ ಅಂತ ನೋಡೋಕೆ ಅಷ್ಟೇ. ಡಮ್ಮಿ ಬರಹಾನ ಓದ್ಬೇಡಿ. ಅದರ ಆಕಾರ ನೋಡಿ. ಓದೋಕೆ ಹೋದ್ರೆ ಮೋಸ ಹೋಗ್ತೀರ!"

ಮಕ್ಕಳು ತಲೆಯಾಡಿಸಿದರು. ಆ ಪಾಠವನ್ನು ಆ ಕೋಣೆಯಲ್ಲಿ ಒಬ್ಬರು ಮಾತ್ರ ಕಲಿತಿರಲಿಲ್ಲ. ಯಾರು ಅಂತ ಈಗ ಗೊತ್ತಾಗುತ್ತದೆ.

ಎರಡು ದಿನ ಕಳೆದು ಅವಳು ಮಕ್ಕಳ ಪೋಸ್ಟರುಗಳ ಬಣ್ಣ ನೋಡಲು ಪ್ರೆಸ್ಸಿಗೆ ಹೋದಳು. ಅವನು ಕಾಗದ ತರಲು ಹೊರಗೆ ಹೋಗಿದ್ದ.

"ಕೂತ್ಕೋಮ್ಮಾ, ಬಂದುಬಿಡ್ತಾನೆ," ಎಂದರು ಅಜ್ಜಿ.

ಕೂರಲು ಹೋದವಳ ಕಣ್ಣು ಮೇಜಿನ ಮೇಲೆ ಒಣಗಲು ಹರಡಿದ್ದ ಕಾರ್ಡಿನ ಮೇಲೆ ಬಿತ್ತು. ಮದುವೆಯ ಆಮಂತ್ರಣ ಪತ್ರಿಕೆ. ಎಷ್ಟು ಚಂದ ಇತ್ತು! ಎರಡೇ ಬಗೆಯ ಅಕ್ಷರ. ಎಲ್ಲ ಸಾಲುಗಳೂ ಒಂದೇ ಗೆರೆಗೆ. ಸುತ್ತ ಧಾರಾಳ ಖಾಲಿ ಜಾಗ. ಒಂದು ಹೂವಿಲ್ಲ, ಒಂದು ಗಿಳಿಯಿಲ್ಲ.

*ಅಯ್ಯೋ, ಇದು ಇವನೇ ಮಾಡಿದ್ದು!* ಹೆಮ್ಮೆಯಿಂದ ಅವಳ ಎದೆ ಉಬ್ಬಿತು.

ಆಮೇಲೆ ಓದಿದಳು.

ವರನ ಜಾಗದಲ್ಲಿ ಅವನದೇ ಹೆಸರು. ಕರೆಯುವವರು, ಅಜ್ಜಿ. ವಧುವಿನ ಹೆಸರು, ಮಂದಾಕಿನಿ. ತಾರೀಖು, ಮುಂದಿನ ತಿಂಗಳು.

ಅವಳು ಇನ್ನೊಮ್ಮೆ ಓದಿದಳು.

"ಹೇಗಿದೆಯಮ್ಮಾ?" ಅಜ್ಜಿ ಹಿಗ್ಗಿನಿಂದ ಕೇಳಿದರು. "ಮೂರು ದಿನ ಕೂತು ಅವನೇ ಮಾಡಿದ. ಎಲ್ಲಾ ನಿನ್ನ ಪಾಠ."

"ಚೆನ್ನಾಗಿದೆ ಅಜ್ಜಿ." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಮಂದಾಕಿನಿ... ಎಲ್ಲಿದಾರೆ?"

"ಇಲ್ಲೇ ಇದ್ದಳಲ್ಲ? ಒಳಗೆ ನನ್ನ ಮಂಚದ ಮೇಲೆ ಮಲಗಿರ್ತಾಳೆ. ಬೆಳಗ್ಗೆಯಿಂದ ಮುನಿಸ್ಕೊಂಡು ಊಟಾನೂ ಮುಟ್ಟಿಲ್ಲ, ಮಹಾರಾಣಿ."

ಆಗಲೇ ಮನೆಗೇ ಬಂದಿದ್ದಾಳೆ! ಮುನಿಸಿಕೊಳ್ಳುವಷ್ಟು ಸಲಿಗೆ ಬೇರೆ!

ಹಾಗಾದರೆ ಆ ಚೌಕ? ಆ 'ಕಾಯುವುದು'? ಅವನು ಕಾದಿದ್ದು ಈ ಮಂದಾಕಿನಿಗೆ. ನಾನು ಹುಚ್ಚಿಯಂತೆ ಹಲಗೆ ಒರೆಸಿಕೊಂಡು ನಿಂತಿದ್ದೆ... ನಾನು ಕಲಿಸಿದ್ದನ್ನೆಲ್ಲ ಹಾಕಿ, ತನ್ನ ಮದುವೆಯ ಪತ್ರಿಕೆ ಮಾಡಿಕೊಂಡಿದ್ದಾನೆ!

ಬಣ್ಣ ನೋಡುವುದನ್ನೂ ಮರೆತು ಅವಳು ಎದ್ದು ಹೊರಟಳು. ಬಾಗಿಲಲ್ಲೇ ಅವನು ಎದುರಾದ. ಹೆಗಲ ಮೇಲೆ ಕಾಗದದ ಕಟ್ಟು, ಮುಖದ ತುಂಬ ನಗು.

"ಅರೆ ಮಿಸ್! ಹೊರಟೇಬಿಟ್ರಾ? ನನ್ನ ಹೊಸ ಕಾರ್ಡು ನೋಡಿದ್ರಾ?"

"ನೋಡಿದೆ. ಕಲಿಯೋದೆಲ್ಲ ಕಲ್ತಿದೀರ. ಇನ್ಮೇಲೆ ಕ್ಲಾಸಿಗೆ ಬರೋ ಅಗತ್ಯ ಇಲ್ಲ."

ಅವನ ನಗು ಅಲ್ಲೇ ನಿಂತಿತು. ಅವಳು ತಿರುಗಿಯೂ ನೋಡದೆ ರಸ್ತೆ ದಾಟಿದಳು.

ಪಾಪ, ಅವನೇನು ಅಂದುಕೊಂಡ ಗೊತ್ತೇ? ಕಾರ್ಡು ಅವಳಿಗೆ ಹಿಡಿಸಲಿಲ್ಲ, ಇಷ್ಟು ದಿನ ಹೇಳಿಕೊಟ್ಟದ್ದು ದಂಡವಾಯಿತು ಎಂದುಕೊಂಡಳು, ಅದಕ್ಕೇ ಬರಬೇಡ ಅಂದಳು! ಇಬ್ಬರೂ ಬುದ್ಧಿವಂತರೇ. ಒಂದು ಮಾತು ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು.

*

ಕೊನೆಯ ಬೆಂಚು ಖಾಲಿಯಾಯಿತು.

"ಮಿಸ್, ಹೂವಿನಣ್ಣ ಯಾಕೆ ಬರ್ತಿಲ್ಲ?" ಪ್ರಶ್ನೆ ದಿನಾ ಕೇಳುತ್ತಿದ್ದಳು.

"ಅವರಿಗೆ ಬೇರೆ ಕೆಲಸ ಇದೆ."

"ಏನ್ ಕೆಲಸ ಮಿಸ್? ನಾವು ನಿನ್ನೆ ಪ್ರೆಸ್ಸಿಗೆ ಹೋಗಿದ್ವಿ. ಮಷೀನ್ ಮುಂದೆ ಮುಖ ಊದಿಸ್ಕೊಂಡು ನಿಂತಿದ್ರು. ನಿಮ್ಮ ಥರಾನೇ."

"ಪುಸ್ತಕ ತೆಗೀರಿ ಎಲ್ಲರೂ!"

ಗೋಂದು ಕೆರೆಯುವ ಕೆಲಸವನ್ನು ಅವಳೊಬ್ಬಳೇ ಮಾಡಿದಳು. ಖಾಲಿ ಜಾಗದ ಬಗ್ಗೆ ಅಷ್ಟೆಲ್ಲ ಹೇಳಿಕೊಟ್ಟವಳಿಗೆ ಆ ಒಂದು ಬೆಂಚಿನ ಖಾಲಿಯನ್ನು ನೋಡಲಾಗಲಿಲ್ಲ. ಅಮ್ಮ ಊಟಕ್ಕೆ ಕೂತಾಗ ಅವಳ ಮುಖ ನೋಡಿದಳು. ತಟ್ಟೆಗೆ ಇನ್ನೊಂದು ತುತ್ತು ಹಾಕಿ ತಲೆ ನೇವರಿಸಿದಳು.

ಪ್ರದರ್ಶನದ ದಿನ ಬಂತು. ಕಿಟಕಿಗಳಿಂದ ಬೆಳಗಿನ ಬಿಸಿಲು ಬೀಳುತ್ತಿದ್ದ ಲೈಬ್ರರಿಯ ಹಜಾರದ ಗೋಡೆ ತುಂಬ ಮಕ್ಕಳ ಪೋಸ್ಟರುಗಳು. 'ನಲ್ಲಿ ನಿಲ್ಲಿಸಿ' ಎನ್ನುವುದಕ್ಕೆ ಒಂದೇ ಒಂದು ಹನಿ. 'ಸದ್ದು ಬೇಡ' ಎನ್ನುವ ಪುಟ್ಟ ಅಕ್ಷರದ ಸುತ್ತ ದೊಡ್ಡ ಬಿಳಿ. ಅಪ್ಪ ಅಮ್ಮಂದಿರು ಮಕ್ಕಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅವಳ ಕಣ್ಣು ತುಂಬಿ ಬಂತು.

ಕೊನೆಯ ಗೋಡೆಯಲ್ಲಿ ಎರಡೆರಡು ಚೌಕ ಅಂಟಿಸಿದ ಹಾಳೆಗಳಿದ್ದವು. ಅವನದನ್ನೂ ಮಕ್ಕಳು ಹಚ್ಚಿದ್ದರು. ಒಂದೇ ಚೌಕ. ಅಡಿಯಲ್ಲಿ, 'ಕಾಯುವುದು'.

ಅವನೂ ಬಂದಿದ್ದ. ಬಾಗಿಲ ಬಳಿ, ಒಳಗೆ ಬರಲೋ ಬೇಡವೋ ಎಂಬಂತೆ.

ಅಷ್ಟರಲ್ಲಿ ಅವನ ಹಿಂದೆ ಗದ್ದಲವೆದ್ದಿತು.

"ಮಂದಾಕಿನಿ ಬಂದ್ಳು! ಏ, ಮಂದಾಕಿನಿ ಬಂದ್ಳು ಕಣ್ರೋ!"

ಮಕ್ಕಳೆಲ್ಲ ಬಾಗಿಲಿಗೆ ಓಡಿದರು. *ಬಂದಳು. ಇವತ್ತೇ ಬರಬೇಕಿತ್ತಾ...* ಆದರೂ ನಗಬೇಕು, ಚೆನ್ನಾಗಿದೀರಾ ಅನ್ನಬೇಕು. ಉಸಿರು ಬಿಗಿಹಿಡಿದು ತಿರುಗಿದಳು.

ಅಜ್ಜಿ ಒಂದು ಬುಟ್ಟಿ ಹಿಡಿದು ಬರುತ್ತಿದ್ದರು. ಬುಟ್ಟಿಯಿಂದ ಕಪ್ಪು ಬಿಳುಪು ತಲೆಯೊಂದು ಹೊರಬಂದು, ಎಲ್ಲರನ್ನೂ ಒಮ್ಮೆ ನೋಡಿ, ಆಕಳಿಸಿತು.

"ಒಬ್ಬಳನ್ನೇ ಬಿಟ್ಟು ಬಂದ್ರೆ ಕಾಗದ ಎಲ್ಲಾ ಪರಚಿ ಹಾಕ್ತಾಳೆ," ಎಂದರು ಅಜ್ಜಿ.

"ಇ... ಇದಾ ಮಂದಾಕಿನಿ?!"

"ಮತ್ತಿನ್ಯಾರು? ನಮ್ಮ ಮನೇಲಿ ಇರೋದೇ ಮೂರು ಜೀವ. ಯಾಕಮ್ಮಾ, ಹಾಗೆ ಬೆವರ್ತಿದೀಯ?"

"ಆ ಮದುವೆ ಕಾರ್ಡು..."

"ಅದಾ? ಅದು ಅಂಗಡಿಗೆ ಬಂದೋರಿಗೆ ತೋರಿಸೋ ಸ್ಯಾಂಪಲ್ ಕಣಮ್ಮಾ! ಹಿಂದೆ ಒಮ್ಮೆ ಇವನ ತಾತ ಸ್ಯಾಂಪಲ್ಲಿಗೆ ಯಾವುದೋ ಹೆಸರು ಹಾಕಿದ್ರು. ಆ ಹೆಸರಿನೋನೇ ಒಬ್ಬ ಹೆಂಡತಿ ಜೊತೆ ಅಂಗಡಿಗೆ ಬರ್ಬೇಕಾ? ಇನ್ನೊಂದು ಮದುವೆ ಆಗ್ತಿದೀಯಾ ಅಂತ ಅವಳು ಅವನ ಜುಟ್ಟು ಹಿಡಿದಳು! ಅವತ್ತಿಂದ ಸ್ಯಾಂಪಲ್ಲಿಗೆ ಮನೆಯವರ ಹೆಸರು ಬಿಟ್ಟು ಬೇರೆ ಹಾಕೋ ಹಾಗಿಲ್ಲ. ಗಂಡು ಇವನೊಬ್ಬ. ಹೆಣ್ಣು ಅಂದ್ರೆ ನಾನು, ಇಲ್ಲಾ ಇವಳು."

ಪ್ರಶ್ನೆ ಅವಳ ತೋಳು ಎಳೆದಳು. "ಮಿಸ್... ನೀವು ಡಮ್ಮಿ ಬರಹ ಓದಿಬಿಟ್ರಾ?"

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಅಜ್ಜಿ ಮೊಮ್ಮಗನನ್ನು ನೋಡಿದರು, ಅವಳನ್ನು ನೋಡಿದರು. ಎಲ್ಲ ಅರ್ಥವಾಯಿತು. "ಬನ್ರೋ ಮಕ್ಕಳಾ, ನಿಮ್ಮ ಪೋಸ್ಟರ್ ಯಾವುದು ತೋರಿಸಿ ನನಗೆ," ಎಂದು ಇಡೀ ದಂಡನ್ನು ಆಚೆ ಗೋಡೆಗೆ ಕರೆದೊಯ್ದರು.

*

ಒಂದೇ ಚೌಕದ ಹಾಳೆಯ ಮುಂದೆ ಇಬ್ಬರೇ ಉಳಿದರು.

"ಅಂದ್ರೆ..." ಅವನು ನಿಧಾನವಾಗಿ ಕೇಳಿದ. "ಕಾರ್ಡು ಚೆನ್ನಾಗಿರ್ಲಿಲ್ಲ ಅಂತ ಅಲ್ವಾ ಸಿಟ್ಟು?"

"ತುಂಬಾ ಚೆನ್ನಾಗಿತ್ತು. ಅದಕ್ಕೇ ಇನ್ನೂ ಅಳು ಬಂತು."

ಅವನ ಮುಖದಲ್ಲಿ ನಗು ಮೆಲ್ಲಗೆ ಮೂಡಿತು, ಮತ್ತೆ ಗಂಭೀರವಾಯಿತು.

"ನಿಜ ಹೇಳ್ಲಾ ಮಿಸ್? ವಧು ಹೆಸರು ಹಾಕುವಾಗ ಬೆರಳಿಗೆ ಮೊದಲು ಬಂದಿದ್ದು ನಿಮ್ಮ ಹೆಸರೇ. ಹಾಕ್ದೆ. ಚೆನ್ನಾಗೂ ಕಾಣ್ತಿತ್ತು. ಆಮೇಲೆ ಅಳಿಸ್ದೆ."

"ಯಾಕೆ?"

"ನೀವು ಖಾಲಿ ಬಿಟ್ಟ ಜಾಗದಲ್ಲಿ ಒಂದು ಸಲ ಕೇಳದೆ ಗಿಳಿ ಕೂರಿಸಿದ್ನಲ್ಲ... ಮತ್ತೆ ಕೇಳದೆ ತುಂಬೋಕೆ ಮನಸ್ಸು ಬರ್ಲಿಲ್ಲ. ಬೆಕ್ಕಿನ ಹೆಸರು ಹಾಕ್ದೆ."

ಇಷ್ಟು ದಿನ ಅವಳು ಹಾಳೆಯ ಮೇಲಿನ ಖಾಲಿಯ ಬಗ್ಗೆ ಪಾಠ ಮಾಡಿದ್ದಳು. ಅದನ್ನು ಮನುಷ್ಯರ ಮಧ್ಯೆ ಇಟ್ಟು ನೋಡಿದವನು ಇವನು.

"ಹಾಗಾದ್ರೆ ಈಗ ಕೇಳು," ಎಂದಳು. 'ನೀವು' ಎಲ್ಲಿ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಮಿಸ್..."

"ಮಿಸ್ ಅಂತ ಕೇಳಿದ್ರೆ ಉತ್ತರ ಕೊಡಲ್ಲ."

ಅವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದ. "ನನ್ನ ಜೊತೆ ಇರ್ತೀಯಾ? ಜೀವನ ಪೂರ್ತಿ?"

ಅವಳು ಅಂಗೈ ಚಾಚಿದಳು. "ಕೊಡು."

"ಏನು?"

"ಜೇಬಲ್ಲಿರೋ ಚೌಕ."

ಅವನು ಅಂಗಿಯ ಜೇಬಿನಿಂದ ಅದನ್ನು ತೆಗೆದುಕೊಟ್ಟ. ಅಂಚು ಮುದುರಿತ್ತು. ಇಷ್ಟು ದಿನವೂ ಜೊತೆಯಲ್ಲೇ ಇಟ್ಟುಕೊಂಡಿದ್ದ! ಅವಳು ಮೇಜಿನಿಂದ ಗೋಂದು ತಂದು ಹಚ್ಚಿ, ಚೌಕವನ್ನು ಹಾಳೆಯ ಮೇಲೆ ಅತ್ತ ಇತ್ತ ಸರಿಸಿದಳು.

"ಒಂದಕ್ಕೊಂದು ಪೂರ್ತಿ ಅಂಟಿಸಿಬಿಡು," ಅವನು ಪಿಸುಗುಟ್ಟಿದ.

"ಬೇಡ. ಪೂರ್ತಿ ಅಂಟಿದ್ರೆ ಒಂದೇ ದೊಡ್ಡ ಮಚ್ಚೆ ಕಾಣುತ್ತೆ. ದೂರ ಇಟ್ರೆ ಯಾರೋ ಯಾರೋ ಅನ್ಸುತ್ತೆ." ಮೊದಲ ಚೌಕದ ಪಕ್ಕದಲ್ಲಿ, ಒಂದೇ ಗೆರೆಗೆ, ಕೂದಲೆಳೆಯಷ್ಟು ಜಾಗ ಬಿಟ್ಟು ಒತ್ತಿದಳು. "ಇಷ್ಟು. ಈಗ ಇಬ್ಬರೂ ಕಾಣ್ತಾರೆ."

ಅವನು 'ಕಾಯುವುದು' ಎಂಬ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅವಳ ಕೈ ಹಿಡಿದ. ಅವನ ಬೆರಳ ಮಸಿ ಅವಳ ಬೆರಳಿಗೂ ಹತ್ತಿತು. ಅವಳು ಒರೆಸಿಕೊಳ್ಳಲಿಲ್ಲ.

"ನಮ್ಮ ನಿಜವಾದ ಕಾರ್ಡು ನೀನೇ ಮಾಡ್ಬೇಕು," ಎಂದ.

"ಇಬ್ಬರೂ ಸೇರಿ ಮಾಡೋಣ."

"ಮೂಲೇಲಿ ಒಂದು ಹೂ ಹಾಕ್ಲಾ?"

ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ಅವನ ಮುಖ ನೋಡಿ ಕರಗಿದಳು. "ಒಂದೇ ಒಂದು."

"ಗಿಳಿ?"

"ಗಿಳಿ ಬೇಡ. ನಾವಿಬ್ಬರು ಇದ್ದೀವಲ್ಲ... ಸಾಕು."